ಒಂದಡಿ ಜಾಗ

ಜೂನ್ 9, ಭಾನುವಾರ

ಸೊಸೆ ಶಿಲ್ಪಾಳ ತವರಿನವರು ಬೇಲೂರಿನಿಂದ ಬಂದಿದ್ದರು. ಹೊಸ ಮನೆಯನ್ನು ಇನ್ನೂ ನೋಡಿರದ ಅವಳ ದೊಡ್ಡಮ್ಮನೂ ಜೊತೆಗಿದ್ದರು. ಹೋಳಿಗೆ, ಸೀಕರಣೆ ಮಾಡಿಸಿದ್ದೆ. ಎಲ್ಲರೂ ಊಟಕ್ಕೆ ಕೂತು ಎರಡನೇ ಸಲ ತುಪ್ಪ ಬಡಿಸುವ ಹೊತ್ತಿಗೆ ಸರಿಯಾಗಿ ಲಕ್ಕಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಕೂಗಿದಳು.

“ಅಮ್ಮಾರೆ, ಇವತ್ತು ಗೋಡೆ ಮುಚ್ಚಿಬಿಡ್ತಾರಂತೆ. ನಮ್ಗೆ ದಾರಿ ಯಾವ್ ಕಡೆ ಬಿಡ್ತೀರಿ? ಮೇಸ್ತ್ರಿನ ಕೇಳುದ್ರೆ ಒಡೇರ್ನ ಕೇಳಿ ಅಂತಾನೆ.”

ಹಾಲ್‌ನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಅವಳ ಸೀರೆಗೆ ಕೊಬ್ಬರಿ ಸಿಪ್ಪೆಯ ಧೂಳು ಮೆತ್ತಿತ್ತು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. “ನಾಳೆ ಬಾ, ಈಗ ಹೋಗು” ಎಂದು ಗದರಿಸಿ ಕಳಿಸಿದೆ. ಶಿಲ್ಪಾಳ ದೊಡ್ಡಮ್ಮ ಮೆಲ್ಲಗೆ, “ಇವರೆಲ್ಲ ಹೀಗೆ ಬಾಗಿಲ ತನಕ ಬಂದುಬಿಡ್ತಾರಾ?” ಎಂದು ಕೇಳಿದರು. “ಇನ್ನು ಬರಲ್ಲ” ಎಂದೆ.

ಇಂಥ ಜಾಗದಲ್ಲಿ ಮನೆ ಕಟ್ಟಿಕೊಂಡ ಮೇಲೆ ಬಂದವರೆದುರು ಹೀಗಾಗಬಾರದು. ಮೂವತ್ತು ವರ್ಷ ನಮ್ಮ ಮನೆಗೆ ಕೊಬ್ಬರಿ ಬಿಡಿಸಲು, ಹಬ್ಬಕ್ಕೆ ಪಾತ್ರೆ ಬೆಳಗಲು ಬರುತ್ತಿದ್ದವಳು ಎಂಬ ಸಲುಗೆ ಅವಳಿಗೆ. ಆದರೂ ಹೊತ್ತುಗೊತ್ತು ನೋಡುವುದು ಬೇಡವೇ?

ಜೂನ್ 13

ಗೋಡೆ ಮುಗಿಯಿತು. ಬಿಳಿ ಬಣ್ಣವನ್ನೂ ಹೊಡೆದಾಯಿತು. ಈಗ ನಮ್ಮ ಬಡಾವಣೆಗೆ ಮಾಲೇಕಲ್ಲು ರಸ್ತೆಯ ಕಡೆಯ ಕಮಾನು ಒಂದೇ ದಾರಿ. ಕಮಾನಿನ ಮೇಲೆ ನಮ್ಮೆಜಮಾನರ ಹೆಸರಿದೆ: ಷಡಕ್ಷರಪ್ಪ ನಗರ. ಇವರು ಇದ್ದಿದ್ದರೆ ಹಿಗ್ಗುತ್ತಿದ್ದರು.

ಸಂಜೆ ಶರತ್‌ಚಂದ್ರನನ್ನು ಕೇಳಿದೆ: “ಪೂರ್ವದ ರಸ್ತೆ ಆ ಗೋಡೆಗೆ ಹೋಗಿ ಡಿಕ್ಕಿ ಹೊಡೆದ ಹಾಗೆ ನಿಂತಿದೆಯಲ್ಲೋ, ನಾಳೆ ಯಾರಾದರೂ ತಕರಾರು ಮಾಡಿದರೆ?”

ಅವನು ನಕ್ಕ. “ಅಮ್ಮ, ರಸ್ತೆ ಗಡಿಗೆ ಮುಟ್ಟೋದೇ ಇಲ್ಲ. ಬಡಾವಣೆ ರಸ್ತೆಗಳನ್ನೆಲ್ಲ ನಗರಸಭೆಗೆ ಬಿಟ್ಟುಕೊಡಬೇಕು, ಅದು ಕಾನೂನು. ಬಿಟ್ಟುಕೊಟ್ಟಿದ್ದೀವಿ. ಆದರೆ ಪ್ಲಾನಲ್ಲಿ ರಸ್ತೆ ನಮ್ಮ ಗಡಿಗಿಂತ ಒಂದಡಿ ಮುಂಚೆ ಮುಗಿಯುತ್ತೆ. ಆ ಒಂದಡಿ ನಿನ್ನ ಹೆಸರಲ್ಲೇ ಇದೆ. ಗೋಡೆ ನಿಂತಿರೋದು ಅದರ ಮೇಲೆ. ನಮ್ಮ ಜಾಗ, ನಮ್ಮ ಗೋಡೆ. ಯಾರೂ ಏನೂ ಮಾಡೋ ಹಾಗಿಲ್ಲ.”

ಇವರು ಈ ತೋಟವನ್ನು ನನ್ನ ಹೆಸರಿಗೇ ಕೊಂಡಿದ್ದರು. ಮಗ ಬುದ್ಧಿವಂತ. ಆ ಕಡೆಯ ಗದ್ದಲ ಈಗ ಕೇಳುವುದಿಲ್ಲ. ಮಧ್ಯಾಹ್ನ ಚೆನ್ನಾಗಿ ನಿದ್ದೆ ಬಂತು.

ಜೂನ್ 30

ಮೂರು ದಿನದಿಂದ ಮಳೆ. ರೈಲ್ವೆ ಹಳಿಯ ಕೆಳಗಿನ ಸೇತುವೆಯಲ್ಲಿ ನೀರು ನಿಂತಿದೆಯೆಂದು ಹಾಲಿನವನು ಹೇಳಿದ. ಗೋಡೆಯಾಚೆ ಲಕ್ಕಮ್ಮ ಇರುವ ಜನತಾ ಕಾಲೋನಿಯವರಿಗೆ ಈಗ ಊರೊಳಗೆ ಬರಲು ಅದೊಂದೇ ದಾರಿಯಂತೆ. ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು, ಸ್ಕೂಲ್ ಬ್ಯಾಗನ್ನು ತಲೆಯ ಮೇಲಿಟ್ಟುಕೊಂಡು ದಾಟುತ್ತಿದ್ದಾರಂತೆ. ನಗರಸಭೆಯವರು ಪಂಪು ಇಡಬೇಕಪ್ಪ ಎಂದೆ.

ಜುಲೈ 14, ಭಾನುವಾರ

ಲಕ್ಕಮ್ಮನ ಗಂಡ ತಿಮ್ಮಯ್ಯ ಕಮಾನಿನ ಹತ್ತಿರ ಬಂದು ನಿಂತಿದ್ದ. ವಾಚ್‌ಮನ್ ಒಳಗೆ ಬಿಡದೆ ನನಗೆ ಫೋನ್ ಮಾಡಿದ. ಬಿಡು ಎಂದೆ. ಶರತ್ ಜಗುಲಿಯಲ್ಲೇ ಕೂತಿದ್ದ.

ಈ ತೋಟದ ಕಾಯಿಯನ್ನೆಲ್ಲ ಕೀಳುತ್ತಿದ್ದವನು ತಿಮ್ಮಯ್ಯನೇ. ಯಾವ ಮರದ ಎಳನೀರು ಸಿಹಿ ಎಂದು ಇವರಿಗೂ ಅವನೇ ಹೇಳಬೇಕಿತ್ತು. ಮರ ಕಡಿಸಿ ಸೈಟು ಮಾಡಿದ ಮೇಲೆ ತಳ್ಳುಗಾಡಿ ಕೊಂಡು ಬಸ್ ಸ್ಟ್ಯಾಂಡಿನ ಎದುರು ಎಳನೀರು ಮಾರುತ್ತಿದ್ದಾನೆ.

“ಸೇತ್ವೆ ಕೆಳಗೆ ಗಾಡಿ ಹೋಗಲ್ಲ ಬುದ್ಧಿ. ಮೊಣಕಾಲ್ಗಂಟ ನೀರು, ಕೆಳಗೆ ಕೆಸ್ರು. ದಿನಾ ನಾಕ್ ಜನ ಎತ್ಕಂಡು ದಾಟುಸ್ತಾರೆ. ಎಷ್ಟ್ ದಿನ ಎತ್ತಾರು?” ಎಂದ. ಆಮೇಲೆ ತಲೆ ತಗ್ಗಿಸಿ, “ದಾರಿ ಬಿಡಕ್ಕಾಗಲ್ಲ ಅಂದ್ರೆ, ಈ ಕಡೆ ಮೂಲೆಯಾಗೆ ಒಂದ್ ಚೂರು ಜಾಗ ಬರ್ಕೊಡಿ. ಕಂತ್ನಾಗೆ ತೀರುಸ್ತೀವಿ. ಗಾಡಿ ನಿಲ್ಸಿ ಒಂದ್ ರೂಮ್ ಹಾಕ್ಕಂಡ್ರೆ ಸಾಕು” ಎಂದ.

ಶರತ್ ಒರಟಾಗಿ ಮಾತಾಡಲಿಲ್ಲ. “ತಿಮ್ಮಯ್ಯ, ನಮ್ಮ ಪ್ಲಾನಲ್ಲಿ ಮೂವತ್ತು ನಲವತ್ತಕ್ಕಿಂತ ಚಿಕ್ಕ ಸೈಟೇ ಇಲ್ಲ. ತುಂಡು ಮಾಡಿ ಕೊಟ್ಟರೆ ಖಾತೆ ಆಗಲ್ಲ, ಮನೆ ಕಟ್ಟೋಕೆ ಪರ್ಮಿಷನ್ ಸಿಗಲ್ಲ. ನಾನು ಬೇಡ ಅಂತೀನಾ? ಕಾನೂನು.”

“ಕಾನೂನ್ನಾಗೆ ನಮ್ಮಂಥೋರ ಅಳ್ತೆದು ಯಾವ್ದೂ ಇಲ್ವಾ?” ಎಂದು ಕೇಳಿದ. ವ್ಯಂಗ್ಯವಲ್ಲ, ನಿಜವಾಗಿಯೂ ತಿಳಿದುಕೊಳ್ಳಲೆಂದು ಕೇಳಿದ ಹಾಗಿತ್ತು. ತಿಂಡಿ ತಿಂದು ಹೋಗು ಎಂದೆ. ಬೇಡ ಅಮ್ಮಾರೆ ಎಂದು ಹೋದ.

ಮನಸ್ಸಿಗೆ ಕಸಿವಿಸಿಯಾಯಿತು. ಆದರೆ ಕಾನೂನನ್ನು ನಾವೇನು ಮಾಡಿದ್ದಲ್ಲವಲ್ಲ.

ಜುಲೈ 22, ಸೋಮವಾರ

ಬರೆಯಬೇಕೋ ಬೇಡವೋ ಎಂದು ಪೆನ್ನು ಹಿಡಿದು ಕೂತಿದ್ದೇನೆ.

ಕಾಲೋನಿಯವರು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದರು. ಸ್ಥಳ ನೋಡಲು ರೆವಿನ್ಯೂ ಇನ್ಸ್‌ಪೆಕ್ಟರ್ ಬಂದರು. ಗೋಡೆಯ ಈಚೆ ನಾವು, ನಮ್ಮ ಬಡಾವಣೆ ಸಂಘದ ಅಧ್ಯಕ್ಷರಾದ ಇಂದುಧರ, ಇನ್ನೂ ಕೆಲವು ಮನೆಯವರು. ಕಾಲೋನಿಯಿಂದ ಲಕ್ಕಮ್ಮ, ತಿಮ್ಮಯ್ಯ ಮತ್ತು ಐದಾರು ಜನ ಸುತ್ತು ಹಾಕಿಕೊಂಡು ಕಮಾನಿನ ಮೂಲಕ ಬಂದಿದ್ದರು.

ಇನ್ಸ್‌ಪೆಕ್ಟರ್ ನಕಾಶೆ ಬಿಡಿಸಿ ನೋಡಿದರು. ಅದರಲ್ಲಿ ದಾರಿ ಇಲ್ಲ. ಕಾಲೋನಿಯೂ ಇಲ್ಲ, ಗೋಮಾಳ ಎಂದಷ್ಟೇ ಇದೆ. ಸರ್ಕಾರವೇ ಕಟ್ಟಿಕೊಟ್ಟ ಮನೆಗಳು, ಆದರೆ ಹಕ್ಕುಪತ್ರ ಯಾರ ಕೈಗೂ ಬಂದಿಲ್ಲ.

“ನಕಾಶೆಯಲ್ಲಿ ಇಲ್ಲದಿದ್ದರೂ ರೂಢಿಯ ದಾರಿ ಇತ್ತಾ ಅಂತ ನೋಡಬೇಕು. ಅಮ್ಮ, ಜಮೀನು ನಿಮ್ಮ ಹೆಸರಲ್ಲಿದೆ. ನೀವೇ ಹೇಳಿ. ಇಲ್ಲಿ ಈ ಜನ ಓಡಾಡೋ ದಾರಿ ಇತ್ತಾ?” ಎಂದು ನನ್ನನ್ನು ಕೇಳಿದರು.

ಶರತ್ ಫೋನ್ ನೋಡುತ್ತಿದ್ದ. ಇಂದುಧರ ನನ್ನನ್ನೇ ನೋಡುತ್ತಿದ್ದರು. ಲಕ್ಕಮ್ಮನ ಮುಖದಲ್ಲಿ ಯಾವ ಆತಂಕವೂ ಇರಲಿಲ್ಲ. ನಾನು ಇತ್ತು ಎನ್ನುತ್ತೇನೆ ಎಂದು ಅವಳು ನಂಬಿಕೊಂಡೇ ನಿಂತಿದ್ದಳು.

“ಆಗೀಗ ತೋಟದೊಳಗೆ ನುಗ್ಗಿ ಹೋಗುತ್ತಿದ್ದಿರಬಹುದು. ದಾರಿ ಅಂತ ಇದ್ದದ್ದು ನನಗೆ ನೆನಪಿಲ್ಲ” ಎಂದೆ.

ಅವರು ಬರೆದುಕೊಂಡರು. ನಾನು ಸಹಿ ಹಾಕಿದೆ.

ತಿಮ್ಮಯ್ಯ ಏನೋ ಹೇಳಲು ಹೋದ. ಲಕ್ಕಮ್ಮ ಅವನ ತೋಳು ಹಿಡಿದು, “ಬಾ, ಹೋಗಾನ” ಎಂದಳು.

ಇವರು ಆ ದಾರಿಗೆ ಗ್ರಾವೆಲ್ ಹಾಕಿಸಿದ್ದರು. ಕಾಲುವೆಗೆ ಅಡ್ಡವಾಗಿ ಕಲ್ಲುಚಪ್ಪಡಿ ಇಡಿಸಿದ್ದರು, ಮಳೆಗಾಲದಲ್ಲಿ ಯಾರೂ ಜಾರಬಾರದೆಂದು. ಚಪ್ಪಡಿ ಇಡುವ ದಿನ ಕೆಲಸದವರಿಗೆ ನಾನೇ ಕಾಫಿ ಕೊಟ್ಟು ಬಂದಿದ್ದೆ.

ಜುಲೈ 23

ಊಟ ಸೇರಲಿಲ್ಲ.

ಆಗಸ್ಟ್ 4

ಶರತ್ ಬೇಲೂರಿನ ಹತ್ತಿರ ಕಾರು ನಿಲ್ಲಿಸಿ ಎಲ್ಲರಿಗೂ ಎಳನೀರು ಕೊಡಿಸಿದ. ಹಳೇಬೀಡಿಗೆ ಹೋಗಿಬರುವ ದಾರಿ. ಗಾಡಿಯವನು ಮಚ್ಚಿನಿಂದ ಮೂರೇ ಏಟಿಗೆ ಕೆತ್ತಿ ಕೊಟ್ಟ. ನನಗೆ ಬೇಡವೆಂದೆ. ಬಾಯಾರಿಕೆ ಇರಲಿಲ್ಲವೆಂದಲ್ಲ.

ಆಗಸ್ಟ್ 18, ಭಾನುವಾರ

ಬೆಳಿಗ್ಗೆ ಹತ್ತರ ಹೊತ್ತಿಗೆ ರೈಲಿನ ಹಾರನ್ ನಿಲ್ಲದೆ ಕೇಳಿತು. ಆಮೇಲೆ ಏನೋ ಒಡೆದ ಸದ್ದು. ಸ್ವಲ್ಪ ಹೊತ್ತಿಗೆ ವಾಚ್‌ಮನ್ ಬಂದು ಹೇಳಿದ.

ಸೇತುವೆ ಕೆಳಗೆ ಎದೆಮಟ್ಟ ನೀರು ನಿಂತಿತ್ತಂತೆ. ತಿಮ್ಮಯ್ಯ ಗಾಡಿಯನ್ನು ಹಳಿಯ ಮೇಲಿಂದಲೇ ದಾಟಿಸಲು ಹೋಗಿದ್ದಾನೆ. ಜೊತೆಗೆ ಮೂವರು. ಹಳಿಯ ಪಕ್ಕದ ಜಲ್ಲಿಯಲ್ಲಿ ಚಕ್ರ ಹೂತುಕೊಂಡಿದೆ. ರೈಲು ಬಂತೆಂದು ಉಳಿದವರು ಓಡಿದರೆ ಇವನು ಗಾಡಿ ಬಿಡದೆ ಎಳೆಯುತ್ತ ನಿಂತನಂತೆ. ರೈಲು ಗಾಡಿಯನ್ನು ಹೊಡೆದು ಎಸೆದಿದೆ. ಗಾಡಿಯ ಹಿಡಿ ತಗುಲಿ ಅವನ ತೊಡೆಮೂಳೆ ಮುರಿದಿದೆ. ಜೀವ ಇದೆ.

ಹಳಿ ದಾಟಿದ್ದು ಅಪರಾಧವಾದ್ದರಿಂದ ಅವನ ಮೇಲೆ ಕೇಸೂ ಆಗಿದೆ.

ವಾಚ್‌ಮನ್ ಹೇಳಿ ಹೋದ ಮೇಲೆ ಮಹಡಿ ಹತ್ತಿದೆ. ಗೋಡೆಯಾಚೆ ಹಳಿಯುದ್ದಕ್ಕೂ ಎಳನೀರು ಉರುಳಿ ಬಿದ್ದಿದ್ದವು. ಯಾರೂ ಆರಿಸಿಕೊಳ್ಳುತ್ತಿರಲಿಲ್ಲ.

ಆಗಸ್ಟ್ 20

ಆಸ್ಪತ್ರೆಗೆ ಹೋಗಿದ್ದೆ. ಹಣ್ಣು, ಬ್ರೆಡ್ ಕೊಂಡುಕೊಂಡೆ. ವಾರ್ಡಿನ ಬಾಗಿಲವರೆಗೂ ಹೋದೆ. ತಿಮ್ಮಯ್ಯ ಕಣ್ಣು ಮುಚ್ಚಿ ಮಲಗಿದ್ದ. ಲಕ್ಕಮ್ಮ ಬೆನ್ನು ಮಾಡಿ ಕೂತು ಅವನ ಪಾದ ಒತ್ತುತ್ತಿದ್ದಳು. ಅವಳು ತಿರುಗಿದರೆ ಏನು ಹೇಳಬೇಕು? ಹೇಗಿದ್ದಾನೆ ಎಂದು ಕೇಳಬೇಕೇ?

ಹಣ್ಣಿನ ಚೀಲವನ್ನು ನರ್ಸಮ್ಮನ ಮೇಜಿನ ಮೇಲಿಟ್ಟು ವಾಪಸು ಬಂದುಬಿಟ್ಟೆ. ಯಾರು ಕೊಟ್ಟರೆಂದು ಹೇಳಲಿ ಎಂದು ಆಕೆ ಕೂಗಿ ಕೇಳಿದರು. ಕೇಳಿಸದವಳ ಹಾಗೆ ನಡೆದೆ. ಕಳ್ಳಿಯ ಹಾಗೆ.

ಸೆಪ್ಟೆಂಬರ್ 8, ಭಾನುವಾರ

ಪಾರ್ಕಿನಲ್ಲಿ ಗಣಪತಿ ಕೂರಿಸಿದ್ದರು. ಸಂಜೆ ಪೂಜೆಯಾದ ಮೇಲೆ ಇಂದುಧರ ಮಾತಾಡಿದರು. ಬ್ಯಾಂಕಿನಿಂದ ನಿವೃತ್ತರಾದವರು, ಒಳ್ಳೆಯ ಮನುಷ್ಯರೇ, ನನಗೆ ಶುಗರ್ ಮಾತ್ರೆ ತಂದುಕೊಡುವವರೂ ಅವರೇ. ಬೀದಿದೀಪ, ನೀರು, ಕಸದ ಗಾಡಿ ಎಲ್ಲ ಆದ ಮೇಲೆ ಗೋಡೆಯ ವಿಷಯಕ್ಕೆ ಬಂದರು.

“ಮೊನ್ನೆಯ ಆಕ್ಸಿಡೆಂಟ್ ನೋಡಿದಿರಲ್ಲ. ಪಾಪ ಅನ್ನಿಸುತ್ತೆ. ಆದರೆ ಶಿಸ್ತು ಅನ್ನೋದು ಇಲ್ಲದಿದ್ದರೆ ಹಾಗೇ. ಇಂಥವರು ನಮ್ಮ ರಸ್ತೆಯಲ್ಲಿ ಓಡಾಡೋ ಹಾಗಿದ್ದಿದ್ದರೆ ನಮ್ಮ ಮಕ್ಕಳ ಗತಿ ಏನು? ಗೋಡೆ ಹಾಕಿಸಿದ ಗುರುಸಿದ್ದಮ್ಮನವರಿಗೆ ನಾವೆಲ್ಲ ಋಣಿಗಳು.”

ಚಪ್ಪಾಳೆ ತಟ್ಟಿದರು. ನನಗೊಂದು ಶಾಲು ತಂದಿದ್ದರು. ಹೊದಿಸಲು ಕರೆದರು. ಎದ್ದು ನಿಂತೆ. ಹೋಗಿ ಹೊದಿಸಿಕೊಂಡು ಕೂರಬೇಕೆಂದೇ ಎದ್ದದ್ದು. ಬಾಯಲ್ಲಿ ಬೇರೆ ಮಾತು ಬಂತು.

“ಅಲ್ಲಿ ದಾರಿ ಇತ್ತು. ನಮ್ಮೆಜಮಾನರೇ ಗ್ರಾವೆಲ್ ಹಾಕಿಸಿದ್ದರು. ಇಲ್ಲ ಅಂತ ನಾನು ಸುಳ್ಳು ಹೇಳಿದೆ.”

ಮೈಕಿನ ಹುಡುಗ ಹಾಡು ಹಾಕಿಬಿಟ್ಟ. ಶಾಲು ಇಂದುಧರರ ಕೈಯಲ್ಲೇ ಉಳಿಯಿತು.

ಮನೆಗೆ ಬಂದ ಮೇಲೆ ಶರತ್ ಕೂಗಾಡಿದ. “ನಿನಗೇನಾಗಿದೆ ಅಮ್ಮ? ಸೈಟು ತಗೊಂಡವರಿಗೆಲ್ಲ ಒಂದೇ ಗೇಟು ಅಂತ ಮಾತು ಕೊಟ್ಟಿದ್ದೀನಿ. ಆ ಕಡೆ ದಾರಿ ಬಿಟ್ಟರೆ ಉಳಿದ ಸೈಟು ಯಾರು ಕೊಳ್ತಾರೆ? ನಾನೇನು ಯಾರದಾದರೂ ಜಾಗ ಹೊಡ್ಕೊಂಡಿದ್ದೀನಾ? ಒಂದೊಂದು ಪರ್ಮಿಷನ್ನೂ ತಗೊಂಡಿದ್ದೀನಿ. ಒಂದೇ ಒಂದು ತಪ್ಪು ತೋರಿಸು ನೋಡೋಣ.”

ತೋರಿಸಲು ಆಗಲಿಲ್ಲ. ಅವನು ಹೇಳಿದ್ದೆಲ್ಲ ನಿಜ. ಅಷ್ಟೂ ನಿಜವಾಗಿದ್ದು ತಿಮ್ಮಯ್ಯ ಹೇಗೆ ಆಸ್ಪತ್ರೆಯಲ್ಲಿದ್ದಾನೆ ಎಂಬುದು ಮಾತ್ರ ನನಗೆ ಅರ್ಥವಾಗುತ್ತಿಲ್ಲ.

ಸೆಪ್ಟೆಂಬರ್ 17

ಆಟೊ ಮಾಡಿಕೊಂಡು ತಾಲ್ಲೂಕು ಕಚೇರಿಗೆ ಹೋದೆ. ಇನ್ಸ್‌ಪೆಕ್ಟರ್ ಗುರುತು ಹಿಡಿದು ಕುರ್ಚಿ ಹಾಕಿಸಿದರು. ಹೇಳಿದ್ದು ತಪ್ಪಾಗಿತ್ತು, ತಿದ್ದಿಕೊಳ್ಳಿ ಎಂದೆ.

ಅವರು ಫೈಲು ತೆಗೆದು ನೋಡಿದರು. “ವರದಿ ಹೋಗಿ ಅರ್ಜಿ ವಜಾ ಆಗಿದೆ ಅಮ್ಮ. ಈಗ ಕೋರ್ಟಿಗೆ ಹೋಗಬೇಕು. ಆ ಜನ ಕೋರ್ಟಿಗೆ ಹೋದರೆ ಎಷ್ಟು ವರ್ಷವಾಗುತ್ತೋ.” ಮತ್ತೆ ತಾವೇ ಹೇಳಿದರು: “ಒಂದು ದಾರಿಯಿದೆ. ಅಡ್ಡ ಇರೋದು ಒಂದಡಿ. ಅದು ನಿಮ್ಮದು. ಅದನ್ನ ನಗರಸಭೆಗೆ ದಾನ ಬರೆದುಕೊಟ್ಟರೆ ರಸ್ತೆ ಗಡಿಗೆ ಮುಟ್ಟುತ್ತೆ. ಆಮೇಲೆ ಅಲ್ಲಿ ಗೋಡೆ ಇರೋ ಹಾಗಿಲ್ಲ. ಅದಕ್ಕೆ ಯಾರ ಒಪ್ಪಿಗೆಯೂ ನಿಮಗೆ ಬೇಕಿಲ್ಲ.”

ಹೊರಗೆ ಬಂದು ಆಲದ ಮರದ ಕೆಳಗೆ ಕೂತೆ. ಮಗನ ಎದುರು ನಾನು ಯಾವತ್ತೂ ಹೀಗೆ ನಡೆದುಕೊಂಡವಳಲ್ಲ. ಗಂಡಸಿ ಊರಿನ ನಮ್ಮ ತವರಿನಲ್ಲೂ ಅಷ್ಟೆ, ಇಲ್ಲೂ ಅಷ್ಟೆ, ತೋರಿಸಿದ ಕಡೆ ಸಹಿ ಹಾಕಿಯೇ ಅಭ್ಯಾಸ.

ಸೆಪ್ಟೆಂಬರ್ 21

ಶರತ್‌ಗೆ ಹೇಳಿಯೇ ಮಾಡಬೇಕು ಎನಿಸಿತು. ತಿಂಡಿಯ ಹೊತ್ತಿನಲ್ಲಿ ಹೇಳಿದೆ. ಅವನು ತಟ್ಟೆ ಸರಿಸಿ ಎದ್ದು ಹೋದ. ಬಾಗಿಲಲ್ಲಿ ನಿಂತು, “ಅಪ್ಪನ ಹೆಸರು ಕಮಾನಿನ ಮೇಲೆ ಹಾಕಿಸಿದ್ದು ಇದಕ್ಕೇನಾ?” ಎಂದ.

ಆ ಮಾತಿಗೆ ಇಡೀ ದಿನ ಕುಗ್ಗಿಹೋದೆ. ಆದರೆ ಇವರ ಹೆಸರಿರುವ ಕಮಾನಿನಲ್ಲೇ ತಾನೇ ವಾಚ್‌ಮನ್ ತಿಮ್ಮಯ್ಯನನ್ನು ತಡೆದು ನಿಲ್ಲಿಸಿದ್ದು.

ಅಕ್ಟೋಬರ್ 4, ಶುಕ್ರವಾರ

ರಿಜಿಸ್ಟ್ರಾರ್ ಕಚೇರಿಗೆ ಇಂದು ಬನ್ನಿ ಎಂದಿದ್ದರು. ನಗರಸಭೆಯವರೂ ಒಪ್ಪಿಕೊಳ್ಳಲು ಬರುವವರಿದ್ದರು. ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟುತ್ತಿದ್ದೆ. ಶಿಲ್ಪಾ ಸ್ಕೂಟರ್ ಕೀಲಿ ಹಿಡಿದು ಬಂದಳು.

“ಆಟೊ ಯಾಕೆ ಅತ್ತೆ? ನಾನು ಬಿಡ್ತೀನಿ.”

“ಶರತ್‌ಗೆ ಗೊತ್ತಾದರೆ?”

“ಗೊತ್ತಾಗ್ಲಿ. ಸಾಕ್ಷಿ ಸಹಿಗೆ ಯಾರಾದರೂ ಬೇಕಲ್ವಾ?” ದಾರಿಯಲ್ಲಿ ಹೇಳಿದಳು: “ಆ ದಿನ ಮಹಡಿ ಮೇಲೆ ನೀವು ನಿಂತಿದ್ರಲ್ಲ, ನಾನೂ ನಿಮ್ಮ ಹಿಂದೆ ನಿಂತಿದ್ದೆ. ನೀವು ನೋಡಲಿಲ್ಲ.”

ನಾನು ಅವಳ ಭುಜ ಹಿಡಿದು ಕೂತಿದ್ದೆ. ಇಷ್ಟು ವರ್ಷ ಅವಳನ್ನು ಬರೀ ಒಪ್ಪ ಓರಣದ ಹುಡುಗಿ ಎಂದುಕೊಂಡಿದ್ದೆ.

ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಪತ್ರ ನೋಡಿ, “ಅಗಲ ಒಂದಡಿ ಅಂತಿದೆ. ಟೈಪ್ ತಪ್ಪಾಗಿರಬೇಕು” ಎಂದಳು.

“ತಪ್ಪಾಗಿಲ್ಲಮ್ಮ, ಒಂದೇ ಅಡಿ” ಎಂದೆ. ಅವಳು ನಕ್ಕಳು. ಫೋಟೊ ತೆಗೆದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಮುಗಿಯಿತು.

ಯಾರಿಗೋ ಏನೋ ಕೊಟ್ಟೆ ಎಂಬ ಸಂತೋಷವೇನೂ ಆಗಲಿಲ್ಲ. ದಾನಪತ್ರ ಎಂಬ ಹೆಸರು ಓದುವಾಗ ಮಾತ್ರ ನಾಚಿಕೆಯಾಯಿತು.

ಅಕ್ಟೋಬರ್ 26, ಶನಿವಾರ

ಗೋಡೆ ಬಿತ್ತು. ನಗರಸಭೆಯ ನೋಟಿಸು ಬಂದು ವಾರವಾಗಿತ್ತು. ಅವರ ಜನ ಬರುವ ಮೊದಲೇ ಶರತ್ ತಾನೇ ಜೆಸಿಬಿ ಕರೆಸಿದ. ಬೇರೆಯವರ ಕೈಲಿ ಕೆಡವಿಸಿಕೊಳ್ಳುವುದು ಅವನಿಗೆ ಬೇಕಿರಲಿಲ್ಲ. ಅರ್ಧ ಗಂಟೆಯ ಕೆಲಸ.

ಇಬ್ಬರು ಸೈಟು ಬೇಡವೆಂದು ಅಡ್ವಾನ್ಸ್ ವಾಪಸು ಕೇಳಿದ್ದಾರೆ. ಇಂದುಧರ ಎದುರು ಸಿಕ್ಕರೆ ಬೇರೆ ಕಡೆ ನೋಡುತ್ತಾರೆ. ಮಾತ್ರೆ ನಾನೇ ತಂದುಕೊಳ್ಳುತ್ತಿದ್ದೇನೆ. ಶರತ್ ಊಟಕ್ಕೆ ಕೂತಾಗ ನನ್ನನ್ನು ಮಾತಾಡಿಸುವುದಿಲ್ಲ, ಆದರೆ ನಾನು ಬರುವವರೆಗೆ ಕಾಯುತ್ತಾನೆ.

ಸಂಜೆ ಮಕ್ಕಳು ಮೊದಲು ಬಂದರು. ಒಂದು ಹುಡುಗಿ ಸೈಕಲ್ಲಿನಲ್ಲಿ ಕಮಾನಿನ ತನಕ ಹೋಗಿ ಮತ್ತೆ ಹಿಂದಕ್ಕೆ ಹೋಗಿ ಮತ್ತೆ ಬಂದಳು. ಆಮೇಲೆ ಹೆಂಗಸರು. ಲಕ್ಕಮ್ಮನೂ ಹೋದಳು, ತಲೆಯ ಮೇಲೆ ಸೌದೆ ಇಟ್ಟುಕೊಂಡು. ನಾನು ಗೇಟಿನ ಹತ್ತಿರ ನಿಂತಿದ್ದೆ. ಅವಳು ನಿಲ್ಲಲಿಲ್ಲ. ಹಿಂದೆಲ್ಲ ಹೋಗುವಾಗ ಬರುವಾಗ “ಏನ್ ಅಮ್ಮಾರೆ, ಕಾಪಿ ಆಯ್ತಾ?” ಎಂದು ಕೇಳದೆ ಹೋದವಳಲ್ಲ.

ನವೆಂಬರ್ 10, ಭಾನುವಾರ

ಹಬ್ಬದ ಗಲಾಟೆ ಮುಗಿಯಲಿ ಎಂದು ನೆಪ ಹೇಳಿಕೊಂಡು ದಿನ ತಳ್ಳಿದ್ದೆ. ಇಂದು ಬೆಳಿಗ್ಗೆ ಹೊರಟೆ. ನಮ್ಮ ಗೇಟಿನಿಂದ ಲಕ್ಕಮ್ಮನ ಮನೆ ಐದು ನಿಮಿಷವೂ ಇಲ್ಲ. ಯಾವ ಮನೆಯೆಂದು ಗೊತ್ತಿರಲಿಲ್ಲ, ಕೇಳಿಕೊಂಡು ಹೋದೆ.

ಸಿಮೆಂಟ್ ಶೀಟಿನ ಒಂದೇ ಕೋಣೆ. ತಿಮ್ಮಯ್ಯ ಬಾಗಿಲ ಬಳಿಯ ಮಂಚದ ಮೇಲೆ ಕಾಲು ನೀಡಿ ಕೂತಿದ್ದ. ನನ್ನನ್ನು ಕಂಡು ಏಳಲು ನೋಡಿದ. ಬೇಡ ಎಂದೆ. ಲಕ್ಕಮ್ಮ ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಸೆರಗಿನಿಂದ ಒರೆಸಿ ಹಾಕಿದಳು.

“ಕಾಲು ಹೇಗಿದೆ?”

“ಐತೆ ಅಮ್ಮಾರೆ. ಇನ್ಮೇಲೆ ಗಾಡಿ ತಳ್ಳಕ್ಕಾಗಲ್ಲ ಅಂದವ್ರೆ. ನಿಂತ್ಕಂಡು ಕೆತ್ತಕ್ಕೂ ಆಗಲ್ಲ” ಎಂದ ತಿಮ್ಮಯ್ಯ. “ಇವ್ಳು ಕೊಬ್ರಿ ಮಂಡಿ ಕಡೆ ಬಿಡ್ಸಕ್ಕೆ ಹೋಗ್ತಾವ್ಳೆ. ದಾರಿ ಆಯ್ತಲ್ಲ, ಬೇಗ ಹೋಗ್ಬರ್ತಾಳೆ.”

ದಾರಿ ಆಯಿತಲ್ಲ ಎಂದು ಅವನು ಹೇಳಿದ್ದು ನನ್ನ ಸಮಾಧಾನಕ್ಕೆ. ಅದು ಗೊತ್ತಾಗಿ ಇನ್ನೂ ಸಣ್ಣವಳಾದೆ.

“ಲಕ್ಕಮ್ಮ, ಆ ದಿನ ಇನ್ಸ್‌ಪೆಕ್ಟರ್ ಕೇಳಿದಾಗ ನಾನು ಸುಳ್ಳು ಹೇಳಿದೆ” ಎಂದೆ.

“ಗೊತ್ತಲ್ಲ. ಎದುರ್ಗೇ ನಿಂತಿದ್ನಲ್ಲ.”

ಅಷ್ಟೇ. ಬೈಯಲಿಲ್ಲ, ಹೋಗಲಿ ಬಿಡಿ ಎಂದೂ ಅನ್ನಲಿಲ್ಲ. ಒಲೆಯ ಹತ್ತಿರ ಹೋಗಿ ಟೀ ಕಾಸಿದಳು. ಲೋಟ ತಂದವಳು ಕೊಡಲೋ ಬೇಡವೋ ಎಂದು ಒಂದು ಗಳಿಗೆ ಕೈಯಲ್ಲೇ ಹಿಡಿದು ನಿಂತಳು. ನಾನೇ ಕೈ ಚಾಚಿ ಇಸಿದುಕೊಂಡೆ.

“ಒಂದ್ ಮಾತು ಕೇಳ್ಲಾ ಅಮ್ಮಾರೆ? ಬೇಜಾರ್ ಮಾಡ್ಕಬ್ಯಾಡಿ.”

“ಕೇಳು.”

“ಗೋಡೆ ಬಂದಿದ್ದು ಈ ವರ್ಸ. ಅದ್ಕೂ ಮುಂಚೆ ಮೂವತ್ ವರ್ಸ ದಾರಿ ಇತ್ತು. ನಾನು ದಿನಾ ಬತ್ತಿದ್ದೆ. ನೀವ್ ಒಂದಿನಾನೂ ಈ ಕಡೆ ಬರ್ಲಿಲ್ವಲ್ಲ, ಯಾಕೆ?”

ತಿಮ್ಮಯ್ಯ, “ಸುಮ್ಕಿರೇ” ಎಂದ. ಅವಳು ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಕೋಪವಿರಲಿಲ್ಲ. ಉತ್ತರ ಕೇಳಲು ಕಾದಿದ್ದಳು.

ಟೀ ಪೂರ್ತಿ ಕುಡಿದೆ. ಅವಳು ಲೋಟಕ್ಕೆ ಕೈ ಚಾಚಿದಳು, ನಾನು ಕೊಡಲಿಲ್ಲ. ನಮ್ಮ ಹಿತ್ತಿಲಲ್ಲಿ ತಾನು ಕುಡಿದ ಲೋಟವನ್ನು ಮೂವತ್ತು ವರ್ಷ ಅವಳೇ ತೊಳೆದಿಟ್ಟು ಹೋಗಿದ್ದಾಳೆ. ಹೊರಗಿದ್ದ ನೀರಿನ ಡ್ರಮ್ಮಿನ ಹತ್ತಿರ ಹೋಗಿ, ಚೆಂಬಿನಲ್ಲಿ ನೀರು ಮೊಗೆದು, ಲೋಟ ತೊಳೆದು, ಕಲ್ಲಿನ ಮೇಲೆ ಬೋರಲು ಹಾಕಿದೆ.